ಕೊಕ್ಕರಗಡ್ಡಿಗೆ ನಾಲ್ಕು ಟಿಕೀಟು

ಡಿಸೆಂಬರ್ 7, ಭಾನುವಾರ

ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿ ಹನ್ನೊಂದು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಬರೆಯಲೇಬೇಕಾಗಿದೆ. ಈ ಮನೆಯಲ್ಲಿ ನನ್ನ ಮಾತು ಕೇಳುವವರಿಲ್ಲ. ಡೈರಿಯಾದರೂ ಎದುರು ಮಾತಾಡುವುದಿಲ್ಲ.

ಬೆಳಗ್ಗೆ 10.20ಕ್ಕೆ ಬಟ್ಟೆ ಅಂಗಡಿಯಿಂದ ಫೋನು ಬಂತು. ದೀಪಾವಳಿಯ ಲಕ್ಕಿ ಡ್ರಾದಲ್ಲಿ ನನ್ನ ಹೆಂಡತಿ ಕೊಟ್ರಬಸಮ್ಮನಿಗೆ ಮೊದಲ ಬಹುಮಾನ. ಹೆಲಿಕಾಪ್ಟರಿನಲ್ಲಿ ನಾಲ್ಕು ಜನರ ಸವಾರಿ. ಹಡಗಲಿಯ ಮೈದಾನದಿಂದ ಹಾರಿ, ಹೊಳೆಯ ನಡುಗಡ್ಡೆ ಕೊಕ್ಕರಗಡ್ಡಿಯಲ್ಲಿ ಇಳಿಸಿ, ಅರ್ಧ ಗಂಟೆ ಅಡ್ಡಾಡಲು ಬಿಟ್ಟು, ವಾಪಸು ಕರೆತರುತ್ತಾರಂತೆ. ಜನವರಿ 18ಕ್ಕೆ.

ಮೂವತ್ತೊಂದು ವರ್ಷ ಕಂಡಕ್ಟರನಾಗಿ ಬಸ್ಸಿನ ಬಾಗಿಲಲ್ಲಿ ನಿಂತೇ ಊರೂರು ತಿರುಗಿದವನು ನಾನು. ಕಿಟಕಿ ಪಕ್ಕ ಕೂತು ಹೋದದ್ದು ಬೆರಳೆಣಿಕೆ. ಆದ್ದರಿಂದ ಹೆಲಿಕಾಪ್ಟರಿನ ಮುಂದಿನ ಸೀಟು ನನ್ನದು ಎಂದು 10.21ಕ್ಕೇ ತೀರ್ಮಾನಿಸಿದೆ.

10.30ಕ್ಕೆ ಗೊತ್ತಾಯಿತು, ಕೂಪನ್ನಿನ ಮೇಲೆ ಎರಡು ಹೆಸರಿವೆ. ಕೊಟ್ರಬಸಮ್ಮ ಮತ್ತು ಕನಕಮ್ಮ. ಇಬ್ಬರೂ ಕೂಡಿ ಸೀರೆ ತೆಗೆದು ಒಂದೇ ಕೂಪನ್ನು ಬರೆಸಿದ್ದಾರೆ. ಕನಕಮ್ಮ ಎಂದರೆ ಡ್ರೈವರ್ ಬೊಮ್ಮಪ್ಪನ ಹೆಂಡತಿ. ಅಂದಮೇಲೆ ನಾಲ್ಕನೇ ಸೀಟು ಬೊಮ್ಮಪ್ಪನದು.

ಆ ಮನುಷ್ಯನ ಜೊತೆ ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ರೂಟಿನಲ್ಲಿ ಹತ್ತೊಂಬತ್ತು ವರ್ಷ ಡ್ಯೂಟಿ ಮಾಡಿದ್ದೇನೆ. ನಾಲ್ಕೂವರೆ ವರ್ಷದಿಂದ ಮಾತು ಬಿಟ್ಟಿದ್ದೇನೆ. ನಾನು ರಿಟೈರಾದ ದಿನ, ನನ್ನ ಕೊನೆಯ ಟ್ರಿಪ್ಪಿನಲ್ಲಿ, ಹಗರಿಬೊಮ್ಮನಹಳ್ಳಿ ಸ್ಟ್ಯಾಂಡಿನಲ್ಲಿ ನನ್ನನ್ನು ಬಿಟ್ಟು ಬಸ್ಸು ಹೊಡೆದುಕೊಂಡು ಬಂದ. ಇಲ್ಲಿ ಹಡಗಲಿಯಲ್ಲಿ ಡಿಪೋದವರು ಡೊಳ್ಳು ತಂದು, ಮಲ್ಲಿಗೆ ಹಾರ ಹಿಡಿದು ಕಾಯುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಹಾರ ಬಾಡುತ್ತದೆಂದು ಬೊಮ್ಮಪ್ಪನಿಗೇ ಹಾಕಿದರು. ನಾನು ಒಂದೂವರೆ ತಾಸಿನ ಮೇಲೆ ಕುರಿ ತುಂಬಿದ ಟೆಂಪೋದಲ್ಲಿ ಬಂದಿಳಿದೆ.

ಕೇಳಿದರೆ, 'ನೀನ ರೈಟ್ ಕೊಟ್ಟಿ, ಡಬ್ಬಲ್ ಸೀಟಿ ಕೇಳೇ ಗಾಡಿ ಬಿಟ್ಟೀನಿ' ಎಂದ. ತಾನೇ ಸೀಟಿ ಊದಿ ತಾನೇ ಕೆಳಗೆ ಉಳಿಯುವ ಕಂಡಕ್ಟರ್ ಜಗತ್ತಿನಲ್ಲಿ ಹುಟ್ಟಿಲ್ಲ. ತಪ್ಪಾಯಿತು ಅನ್ನುವವರೆಗೆ ಅವನ ಜೊತೆ ಮಾತಿಲ್ಲ ಎಂದು ಅವತ್ತೇ ಹೇಳಿದ್ದೇನೆ.

'ನಾನು ಬರೂದಿಲ್ಲ' ಎಂದೆ. ಕೊಟ್ರಬಸಮ್ಮ ರೊಟ್ಟಿ ಬಡಿಯುತ್ತ ತಲೆ ಎತ್ತದೆ ಹೇಳಿದಳು: 'ನಾಲ್ಕು ಮಂದಿ ಹೋದ್ರ ಹೋಗೂದು. ಇಲ್ಲಂದ್ರ ಕೂಪನ್ನು ಒಲ್ಯಾಗ ಹಾಕ್ತೀನಿ. ನಿಮ್ಮ ಬಸ್ಸಿನ್ಯಾಗ ನಾ ಯಾವತ್ತರ ಸೀಟಿನ ಮ್ಯಾಲ ಕೂತೀನೇನು? ಪ್ಯಾಸೆಂಜರ್ ಬಂದ್ರು ಏಳು, ಪ್ಯಾಸೆಂಜರ್ ಬಂದ್ರು ಏಳು. ಮದುವಿ ಆಗಿ ಮೂವತ್ತೆಂಟು ವರ್ಷ ಆತು, ಒಮ್ಮಿ ಕೂತು ಹೋಗ್ತೀನಿ.'

ಅದು ನಿಜವೇ. ಬರುತ್ತೇನೆಂದು ಒಪ್ಪಿದೆ.

ಡಿಸೆಂಬರ್ 8, ಸೋಮವಾರ

ಹೆಲಿಕಾಪ್ಟರಿನವರ ಕಡೆಯಿಂದ ಅರ್ಚನಾ ಅನ್ನುವ ಮೇಡಂ ಫೋನು ಮಾಡಿದರು. ನಾಲ್ಕು ಜನ ಮತ್ತು ಅವರ ಚೀಲ ಎಲ್ಲ ಸೇರಿ ಮುನ್ನೂರು ಕಿಲೋ ಮೀರಬಾರದು. ಒಂದು ಕಿಲೋ ಹೆಚ್ಚಾದರೂ ಹಾರುವುದಿಲ್ಲ. ನಿಯಮ ಸರಿಯಾಗಿಯೇ ಇದೆ. ಹೀಗೆ ನಿಯಮ ಹೇಳುವವರನ್ನು ಕಂಡರೆ ನನಗೆ ಗೌರವ.

ಸಂಜೆ ಹೂವಿನ ಮಂಡಿ ನಡೆಸುವ ಶೈಲಾ ಅವರ ತೂಕದ ಕಾಟಾದ ಮೇಲೆ ನಾಲ್ವರೂ ನಿಂತೆವು. ದಿನಾ ಮಲ್ಲಿಗೆ ಮೊಗ್ಗು ತೂಗುವ ಕಾಟಾ, ಸುಳ್ಳು ಹೇಳುವುದಿಲ್ಲ. ನಾನು 84. ಕೊಟ್ರಬಸಮ್ಮ 70. ಕನಕಮ್ಮ 65. ಬೊಮ್ಮಪ್ಪ ಹತ್ತಿದಾಗ ಕಾಟಾ ಕಿರ್ ಎಂದಿತು, 92. ಶೈಲಾ, 'ಬುಟ್ಟಿ ತೂಕ ಕಳೀಬೇಕೇನ್ರಿ ಇದ್ರಾಗ?' ಎಂದು ಕೇಳಿದರು. ಮಂಡಿಯವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ಅವನ ಕಡೆ ನೋಡಿ ಅಲ್ಲ.

ಒಟ್ಟು 311. ಅದರ ಮೇಲೆ ಬುತ್ತಿ ಮೂರು ಕಿಲೋ ಎಂದು ಹೆಂಗಸರು ಸೇರಿಸಿದರು. ಅರ್ಧ ಗಂಟೆಯ ಅಡ್ಡಾಟಕ್ಕೆ ಬುತ್ತಿ ಯಾಕೆಂದು ಕೇಳಿದ್ದಕ್ಕೆ, 'ಬುತ್ತಿ ಇಲ್ದ ಯಾರರ ಹೊಳಿ ದಾಟ್ತಾರೇನ್ರಿ ಅಣ್ಣಾರ' ಎಂದು ಕನಕಮ್ಮನೇ ನನ್ನನ್ನು ಗದರಿದಳು. ಅಂದರೆ ಇಳಿಸಬೇಕಾದ್ದು ಹದಿನಾಲ್ಕು ಕಿಲೋ. ಗಂಡಸರು ತಲಾ ಏಳು ಎಂದು ಹೆಂಗಸರಿಬ್ಬರೇ ಕೂಡಿ ತೀರ್ಪು ಕೊಟ್ಟರು. ರೊಟ್ಟಿ ಹತ್ತಲಿ ಎಂದು ನಾವು ಮಾಂಸ ಇಳಿಸಬೇಕು.

92 ಕಿಲೋದವನು ಏಳು, 84ರವನೂ ಏಳು. ಇದು ಯಾವ ಊರಿನ ನ್ಯಾಯ?

ಡಿಸೆಂಬರ್ 12, ಶುಕ್ರವಾರ

ಸೌತೆಕಾಯಿ. ನವಣಕ್ಕಿ. ಮಜ್ಜಿಗೆ. ಸೌತೆಕಾಯಿ.

ಡಿಸೆಂಬರ್ 16, ಮಂಗಳವಾರ

ಬೆಳಗ್ಗೆ 5.50ಕ್ಕೆ ಹರಪನಹಳ್ಳಿ ರಸ್ತೆಯಲ್ಲಿ ವಾಕಿಂಗ್ ಹೊರಟೆ. ನೂರು ಹೆಜ್ಜೆ ಮುಂದೆ ಬೊಮ್ಮಪ್ಪ ಹೋಗುತ್ತಿದ್ದ. ಅವನನ್ನು ಓವರ್‌ಟೇಕ್ ಮಾಡಿ ಹೋಗಬೇಕೆಂದು ಜೋರಾಗಿ ನಡೆದೆ. ಅವನು ಹಿಂದೆ ತಿರುಗಿ ನೋಡಿ ತಾನೂ ಜೋರು ಮಾಡಿದ. ಮಾತಿಲ್ಲ, ಕತೆಯಿಲ್ಲ, ಮೂರು ಕಿಲೋಮೀಟರು ಇಬ್ಬರೂ ಓಡಿದಂತೆಯೇ ಹೋದೆವು. ಡ್ರೈವರ್ ಆಗಿದ್ದಾಗಲೂ ಅಷ್ಟೇ, ಯಾರಿಗೂ ಸೈಡ್ ಕೊಟ್ಟವನಲ್ಲ.

ಸಂಜೆ ಕಾಟಾ: ನಾನು 82. ಅವನು 90.5.

ಡಿಸೆಂಬರ್ 19, ಶುಕ್ರವಾರ, ಎಳ್ಳಮಾವಾಸ್ಯೆ

ಇವತ್ತಿನ ವಿಷಯ ಬರೆಯಲು ಮನಸ್ಸಿಲ್ಲ. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯೆ, ಕಡುಬು, ಎಳ್ಳು ಹೋಳಿಗೆ. ನನ್ನ ಎಲೆಗೆ ಸೌತೆಕಾಯಿ ಬಿತ್ತು. ಭೂಮಿತಾಯಿಗೆ ಎರಚಿದ ಚರಗವನ್ನು ಗುಬ್ಬಿಗಳು ಆರಿಸಿ ತಿನ್ನುವುದನ್ನು ನೋಡುತ್ತ ಕೂತೆ. ಗುಬ್ಬಿಗಿಂತ ಕೀಳಾಯಿತು ನನ್ನ ಬಾಳು.

ಬೊಮ್ಮಪ್ಪನ ಮನೆಯಲ್ಲೂ ಇದೇ ಕತೆಯಂತೆ. ಕನಕಮ್ಮ ಅವನ ಕೈಗೆ ಬರೀ ಹಸಿ ಗಜ್ಜರಿ ಕೊಟ್ಟಳಂತೆ. ಕೇಳಿ ಸ್ವಲ್ಪ ಸಮಾಧಾನವಾಯಿತು. ಆಮೇಲೆ ಯಾಕೋ ಪಾಪ ಅನ್ನಿಸಿತು. ಆ ಮನುಷ್ಯ ಕಡುಬು ಕಂಡರೆ ಜೀವ ಬಿಡುವವನು.

ಡಿಸೆಂಬರ್ 27, ಶನಿವಾರ

ಇದನ್ನು ಕೊಟ್ರಬಸಮ್ಮ ಓದಬಾರದು. ಬೀರುವಿನ ಮೇಲೆ ಇಡುತ್ತೇನೆ.

ಆಧಾರ್ ಕಾರ್ಡಿನ ಕೆಲಸವಿದೆ ಎಂದು ಹೇಳಿ 9.15ರ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಹೋದೆ. ಹಡಗಲಿಯಲ್ಲಿ ಮಿರ್ಚಿ ಬಜ್ಜಿ ತಿಂದರೆ ಹತ್ತು ನಿಮಿಷದಲ್ಲಿ ಮನೆಗೆ ಸುದ್ದಿ ಮುಟ್ಟುತ್ತದೆ. ಹಗರಿಬೊಮ್ಮನಹಳ್ಳಿ ಸ್ಟ್ಯಾಂಡಿನ ಚೌಡಣ್ಣನ ಅಂಗಡಿಯಲ್ಲಿ ತಿಂದರೆ ಯಾರಿಗೆ ಗೊತ್ತಾಗಬೇಕು? ಒಗ್ಗರಣೆ ಮಂಡಕ್ಕಿ ಒಂದು ಪ್ಲೇಟು, ಬಿಸಿ ಮಿರ್ಚಿ ನಾಲ್ಕು ಎಂದು ಹೇಳಿ ಒಳಗಿನ ಬೆಂಚಿಗೆ ಹೋದೆ. ಅಲ್ಲಿ ಬೊಮ್ಮಪ್ಪ ಕೂತಿದ್ದ. ಬಾಯಿ ತುಂಬ ಮಿರ್ಚಿ ಇತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ನಾನು ಚೌಡಣ್ಣನಿಗೆ ಹೇಳಿದೆ: 'ಅವ್ರಿಗೆ ಹೇಳಪ್ಪ, ಇಲ್ಲಿ ಕಂಡಿದ್ದು ಇಲ್ಲೇ ಇರ್ಲಿ ಅಂತ.'

ಬೊಮ್ಮಪ್ಪ ನುಂಗಿ, ಅವನೂ ಚೌಡಣ್ಣನಿಗೇ ಹೇಳಿದ: 'ಇವ್ರಿಗೂ ಹೇಳಪ್ಪ, ನಾ ಆಧಾರ್ ಕಾರ್ಡಿಗೆ ಬಂದೀನಿ ಅಂತ.'

ಚೌಡಣ್ಣ ಬಾಣಲೆಯ ಜಾಲರಿ ಸೌಟು ಹಿಡಿದುಕೊಂಡೇ ನಕ್ಕ. 'ಏನ್ ಮಂದಿರೀ ನೀವು. ಅವತ್ತು ಇದ ಜಾಗದಾಗ ಈ ನಮ್ಮ ಕಂಡಕ್ಟರ್ ಗುರುಸಂಗಪ್ನೋರು ಓಡಿ ಬಂದು, ಲಗೂನ ನಾಲ್ಕು ಮಿರ್ಚಿ ಕಟ್ಟು, ಡ್ರೈವರ್‌ಗೆ ಕೊನೀ ಟ್ರಿಪ್ಪಿನ್ಯಾಗ ತಿನ್ನಸ್ತೀನಿ ಅಂದಿದ್ರು. ಕಟ್ಟಿ ಕೊಡೂದ್ರಾಗ ಬಸ್ಸ ಇಲ್ಲ' ಎಂದ.

ಅಷ್ಟು ಹೇಳುವ ಅಗತ್ಯವಿರಲಿಲ್ಲ. ಬೊಮ್ಮಪ್ಪ ತಲೆ ತಗ್ಗಿಸಿ ಮಂಡಕ್ಕಿಯಲ್ಲಿ ಶೇಂಗಾ ಹುಡುಕಿದ. ಮಿರ್ಚಿ ಯಾರಿಗೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ನಾನೇ ಹೇಳಿರಲಿಲ್ಲ. ಮಾತೇ ಇಲ್ಲದ ಮೇಲೆ ಹೇಳುವುದೆಲ್ಲಿ?

ವಾಪಸು ಒಂದೇ ಬಸ್ಸಿಗೆ ಬಂದೆವು. ಅವನು ಮುಂದೆ, ನಾನು ಹಿಂದೆ.

ಜನವರಿ 2, ಶುಕ್ರವಾರ

ಈ ವರ್ಷ ಗೊಬ್ಬರದ ಅಂಗಡಿಯವರು ಡೈರಿ ಕೊಡಲಿಲ್ಲ, ಕ್ಯಾಲೆಂಡರ್ ಕೊಟ್ಟರು. ಹಳೆಯದರಲ್ಲೇ ಜನವರಿಯ ಖಾಲಿ ಹಾಳೆಗಳಿಗೆ ವಾರ ತಿದ್ದಿ ಬರೆಯುತ್ತಿದ್ದೇನೆ.

ವಾಕಿಂಗಿನಲ್ಲಿ ಈಗ ನೂರು ಹೆಜ್ಜೆ ಅಂತರವಿಲ್ಲ, ಹತ್ತು ಹೆಜ್ಜೆ. ಮಂಜು ಬೀಳುತ್ತದೆ, ಲಾರಿಗಳು ಬರುತ್ತವೆ, ಸುರಕ್ಷತೆಯ ದೃಷ್ಟಿಯಿಂದ. ಅವನ ಟಾರ್ಚು ಮುಂದೆ ಬೆಳಗುತ್ತದೆ, ನನ್ನದು ಹಿಂದೆ. ಹೆಡ್‌ಲೈಟು, ಟೇಲ್‌ಲೈಟು ಸರಿಯಾಗಿದೆ.

ನಾನು 79.5. ಅವನು 88.

ಜನವರಿ 9, ಶುಕ್ರವಾರ

ಹಳೆಯ ಟ್ರಂಕು ತೆಗೆದು ಯೂನಿಫಾರಂ ಅಂಗಿ ಹಾಕಿ ನೋಡಿದೆ. ಖಾಕಿ. ಗುಂಡಿ ಕೂತಿತು. ರಿಟೈರ್ ಆಗುವ ಮೊದಲೇ ಬಿಗಿಯಾಗಿದ್ದ ಅಂಗಿ ಈಗ ಹೇಳಿ ಹೊಲಿಸಿದಂತಿದೆ. ಕನ್ನಡಿಯ ಮುಂದೆ ಅರ್ಧ ಗಂಟೆ ನಿಂತಿದ್ದೆನೆಂದು ಕೊಟ್ರಬಸಮ್ಮ ಹೇಳಿದ್ದು ಸುಳ್ಳು. ಹತ್ತು ನಿಮಿಷ. ಹೆಲಿಕಾಪ್ಟರಿಗೆ ಇದನ್ನೇ ಹಾಕುತ್ತೇನೆ. ಮುಂದಿನ ಸೀಟಿಗೆ ಒಪ್ಪುತ್ತದೆ.

ಜನವರಿ 16, ಶುಕ್ರವಾರ

ನಿನ್ನೆ ಸಂಕ್ರಾಂತಿ. ಎಳ್ಳು ಕೊಟ್ಟರು, ಎಣಿಸಿ.

ನಾನು 77, ಲೆಕ್ಕಕ್ಕೆ ಸರಿ. ಬೊಮ್ಮಪ್ಪ 86ರಲ್ಲಿ ಸಿಕ್ಕಿಬಿದ್ದಿದ್ದಾನೆ. ನಾಲ್ಕು ದಿನದಿಂದ ಕಾಟಾ ಅಲ್ಲಾಡುತ್ತಿಲ್ಲ. ತಲೆ ಬೋಳಿಸಿಕೊಳ್ಳಲೇ ಎಂದು ಶೈಲಾ ಅವರನ್ನು ಕೇಳಿದನಂತೆ. ಅವನ ತಲೆಯಲ್ಲಿರುವ ಕೂದಲು ಎರಡು ಗ್ರಾಂ ಆದೀತು. ಕನಕಮ್ಮ, 'ನೀವು ಮೂರೂ ಮಂದಿ ಹೋಗ್ರಿ ಅಂತಾರ ನಮ್ಮನಿಯವ್ರು' ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಅದು ಆಗದ ಮಾತು. ನಾಲ್ಕು ಟಿಕೀಟು ಎಂದರೆ ನಾಲ್ಕು ಜನ. ಅವನ ಪಾಲಿನ ಒಂದು ಕಿಲೋ ನಾನೇ ಇಳಿಸುತ್ತೇನೆ. ಎರಡು ದಿನ ಉಪವಾಸ, ಅಷ್ಟೇ. ಇದು ಅವನ ಮೇಲಿನ ಪ್ರೀತಿಯಿಂದ ಅಲ್ಲ. ಜೀವನಪೂರ್ತಿ ಹಂಗಿಸಬಹುದಲ್ಲ, ಅದಕ್ಕೆ.

ಜನವರಿ 18, ಭಾನುವಾರ, ಬೆಳಗ್ಗೆ 10.05, ಮೈದಾನದಲ್ಲಿ

ಅರ್ಚನಾ ಮೇಡಂ ತೂಗಿದರು. ನಾನು 76, ಬೊಮ್ಮಪ್ಪ 86, ಕೊಟ್ರಬಸಮ್ಮ 70, ಕನಕಮ್ಮ 65, ಬುತ್ತಿ ಮೂರು. ಮುನ್ನೂರಕ್ಕೆ ಮುನ್ನೂರು. ಮೇಡಂ ಮೂರು ಸಲ ಕೂಡಿಸಿದರು.

ಬೊಮ್ಮಪ್ಪ ನನ್ನ 76 ನೋಡಿದ. ನಂತರ ತನ್ನ 86 ನೋಡಿದ. ನಾನು ಹಂಗಿಸಲು ಒಂದು ಒಳ್ಳೆಯ ಮಾತು ಸಿದ್ಧ ಮಾಡಿಟ್ಟುಕೊಂಡಿದ್ದೆ, ಆ ಹೊತ್ತಿಗೆ ನೆನಪಾಗಲಿಲ್ಲ. ಹೊಟ್ಟೆ ಖಾಲಿ ಇದ್ದರೆ ಹೀಗೆ.

ಇಲ್ಲಿಯ ಸಿಬ್ಬಂದಿಗೂ ಖಾಕಿ ಅಂಗಿಯೇ. ಒಬ್ಬರು ನನ್ನನ್ನೇ 'ಟಾಯ್ಲೆಟ್ ಎಲ್ಲೈತ್ರಿ ಸಾರ್' ಎಂದು ಕೇಳಿದರು. ತೋರಿಸಿದೆ.

ಅದೇ ದಿನ, 11.15, ಕೊಕ್ಕರಗಡ್ಡಿ

ಬೇಗ ಬರೆದಿಡುತ್ತೇನೆ, ಮರೆತುಹೋಗುವ ಮೊದಲು.

ಹೋಗುವಾಗ ಮುಂದಿನ ಸೀಟು ಕೊಟ್ರಬಸಮ್ಮನಿಗೆ ಬಿಟ್ಟುಕೊಟ್ಟೆ. ಹೋಗುವಾಗ ಮಾತ್ರ. ಅವಳು ಕೂತು, ಬೆಲ್ಟು ಕಟ್ಟಿಸಿಕೊಂಡು, ಹಿಂದೆ ತಿರುಗಿ, 'ಈಗ ಯಾರು ಬಂದ್ರೂ ನಾ ಏಳೂದಿಲ್ಲ' ಎಂದಳು.

ಗಾಡಿ ನೆಲ ಬಿಟ್ಟು ಮೇಲೆದ್ದಿತು. ಕನಕಮ್ಮ ಕಣ್ಣು ಮುಚ್ಚಿ ಊರಲ್ಲಿರುವ ಎಲ್ಲ ದೇವರ ಹೆಸರು ಹೇಳಿದಳು. ನಾನು ಕೆಳಗೆ ನೋಡಿದೆ. ಮಲ್ಲಿಗೆ ತೋಟಗಳು ಸಾಲುಸಾಲಾಗಿ ಬಾಚಿದ ತಲೆಯ ಹಾಗಿದ್ದವು. ಮನೆ ಸಿಕ್ಕಿತು. ಮಾಳಿಗೆಯ ಮೇಲೆ ಒಣಹಾಕಿದ ನನ್ನ ಲುಂಗಿ ಸಿಕ್ಕಿತು. ಕೊಟ್ರಬಸಮ್ಮ ಅದನ್ನು ಪೈಲಟ್ಟಿಗೂ ತೋರಿಸಿದಳು.

ಆಮೇಲೆ ನಮ್ಮ ರಸ್ತೆ ಕಂಡಿತು. ಹತ್ತೊಂಬತ್ತು ವರ್ಷ ತಗ್ಗು ದಿನ್ನೆ ಎಣಿಸುತ್ತ ಓಡಾಡಿದ ರಸ್ತೆ, ಹಗರಿಬೊಮ್ಮನಹಳ್ಳಿಯ ಕಡೆಗೆ ಹೊಲಿಗೆ ದಾರದ ಹಾಗೆ ಬಿದ್ದಿತ್ತು. ಎಷ್ಟು ಸಣ್ಣದು. ಇಷ್ಟೇ ಇಷ್ಟು ದಾರಿಗೆ ನಾವು ಅಷ್ಟೆಲ್ಲ ಜಗಳ ಕಾದೆವಾ ಅನ್ನಿಸಿತು. ಅದರ ಮೇಲೆ ಒಂದು ಬಸ್ಸು ನಿಂತಿತ್ತು. ನಾನು ಗಡಿಯಾರ ನೋಡಿದೆ. ಪಕ್ಕದಲ್ಲಿ ಬೊಮ್ಮಪ್ಪನೂ ಗಡಿಯಾರ ನೋಡಿದ. 10.30ರ ಬಸ್ಸು 10.42 ಆದರೂ ಕ್ರಾಸಿನಲ್ಲೇ ಇದೆ. ಇಬ್ಬರೂ ಒಟ್ಟಿಗೆ ತಲೆ ಅಲ್ಲಾಡಿಸಿದೆವು. ಈಗಿನವರಿಗೆ ಟೈಮಿನ ಕಿಮ್ಮತ್ತಿಲ್ಲ.

ಹೊಳೆ ಬಂತು. ನಾನು ಹೊಳೆಯನ್ನು ಸೇತುವೆಯ ಮೇಲಿಂದ ಮಾತ್ರ ನೋಡಿದವನು, ಅದೂ ಚಿಲ್ಲರೆ ಎಣಿಸುತ್ತ. ಮೇಲಿಂದ ನೋಡಿದರೆ ಅದು ನಿಧಾನವಾಗಿ ಹೊರಳಿ ಮಲಗಿರುವ ನೀರು, ಬಿಸಿಲು ಬಿದ್ದಲ್ಲೆಲ್ಲ ಹೊಳೆಯುತ್ತದೆ, ನಡುನಡುವೆ ಮರಳು. ನಮ್ಮ ನೆರಳು ನೀರಿನ ಮೇಲೆ ಪುಟ್ಟ ತುಂಬಿಯ ಹಾಗೆ ಜೊತೆಗೇ ಬರುತ್ತಿತ್ತು. ತುಂಬ ಸಂತೋಷವಾಯಿತು. ಅರವತ್ತನಾಲ್ಕು ವರ್ಷದಲ್ಲಿ ಇಂಥದ್ದು ನೋಡಿರಲಿಲ್ಲ. ನನ್ನ ಮೊಣಕೈ ಬೊಮ್ಮಪ್ಪನಿಗೆ ತಾಗಿತು. ತಾಗಿಸಿದ್ದು ಅಂತಲೇ ಇಟ್ಟುಕೊಳ್ಳಿ, ಅವನು ತಪ್ಪು ದಿಕ್ಕಿಗೆ ನೋಡುತ್ತಿದ್ದ.

ಗಡ್ಡಿ ಬಹಳ ಸಣ್ಣದು. ಎರಡು ಬಸ್ಸು ಒಟ್ಟಿಗೆ ತಿರುಗಿಸಲಿಕ್ಕೆ ಆಗುವುದಿಲ್ಲ. ನಾಲ್ಕು ಜಾಲಿಗಿಡ, ಒಂದು ಬಂಡೆ, ನೂರಾರು ಕೊಕ್ಕರೆ. ನಾವು ಇಳಿದಾಗ ಎಲ್ಲವೂ ಎದ್ದು ಒಂದು ಸುತ್ತು ಹಾರಿ, ಮತ್ತೆ ಬಂದು ತಮ್ಮ ತಮ್ಮ ಜಾಗದಲ್ಲೇ ಕೂತವು. ರಿಸರ್ವೇಶನ್ ಮಾಡಿಸಿದ ಹಾಗೆ. ಹೆಂಗಸರು ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದಾರೆ. ಇಲ್ಲಿ ನೋಡಿಕೊಳ್ಳಲು ಹುಲುಗೇಶ ಅನ್ನುವ ದೊಡ್ಡ ಮೀಸೆಯ ಮನುಷ್ಯನಿದ್ದಾನೆ, ಕೂಡ್ಲಿಗಿಯವನು, ಖಾಕಿ ಅಂಗಿ. ಅವನು ಬಾಗಿಲು ಹಾಕಿ, ಕೈ ಎತ್ತಿ ತೋರಿಸಿದರೆ ಮಾತ್ರ ಪೈಲಟ್ ಗಾಡಿ ಎಬ್ಬಿಸುತ್ತಾನಂತೆ. ಅಂದರೆ ಹುಲುಗೇಶ ಇಲ್ಲಿಯ ಕಂಡಕ್ಟರ್. ಕೆಲಸದ ಬಗ್ಗೆ ಸ್ವಲ್ಪ ಸಲಹೆ ಕೊಟ್ಟೆ.

11.26

ಹೊರಡುವ ಹೊತ್ತು. ಹುಲುಗೇಶ ನೆಟ್‌ವರ್ಕ್ ಹುಡುಕಿಕೊಂಡು ಬಂಡೆಯ ಆಚೆ ಹೋಗಿದ್ದಾನೆ. ಪೈಲಟ್ ಆಗಲೇ ಫ್ಯಾನು ತಿರುಗಿಸುತ್ತಿದ್ದಾನೆ. ಯಾರಾದರೂ ಜವಾಬ್ದಾರಿ ತೆಗೆದುಕೊಳ್ಳಬೇಕಲ್ಲ. ಹತ್ತಿಸುತ್ತೇನೆ.

11.34

ಗಾಡಿ ಹೋಯಿತು.

11.35

ನಾನು ಗಡ್ಡಿಯ ಮೇಲಿದ್ದೇನೆ. ಗಾಡಿ ಮೇಲಿದೆ. ಕಾಣುತ್ತಿದೆ. ಸಣ್ಣದಾಗುತ್ತಿದೆ.

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ, ಮುಂದೆ ವಿಚಾರಣೆ ನಡೆದರೆ ಬೇಕಾಗುತ್ತದೆ. ಮೊದಲು ಹೆಂಗಸರನ್ನು ಹಿಂದೆ ಹತ್ತಿಸಿದೆ. ಬೊಮ್ಮಪ್ಪನಿಗೆ ಕೈಸನ್ನೆಯಲ್ಲೇ ಮುಂದಿನ ಸೀಟು ತೋರಿಸಿದೆ. ಡ್ರೈವರ್ ಮುಂದೆ ಇರಬೇಕು, ಅದು ಪದ್ಧತಿ, ಬೇರೇನಿಲ್ಲ. ಬುತ್ತಿ ಚೀಲ ನನ್ನ ಹೆಗಲಿಗಿತ್ತು. ತಲೆ ಎಣಿಸಿದೆ. ಬಾಗಿಲು ಹಾಕಿದೆ. ಗಾಡಿಯ ಮೈಮೇಲೆ ಎರಡು ಸಲ ಬಡಿದು, ಕೈ ಎತ್ತಿ, ರೈಟ್ ಎಂದೆ. ಖಾಕಿ ಅಂಗಿ ನೋಡಿ ಪೈಲಟ್ ನನ್ನನ್ನೇ ಹುಲುಗೇಶ ಎಂದುಕೊಂಡಿರಬೇಕು.

ಗಾಡಿ ಉರುಳಲು ಶುರುವಾದ ಮೇಲೆ ಓಡಿ ಹತ್ತುವುದು ಮೂವತ್ತೊಂದು ವರ್ಷದ ಅಭ್ಯಾಸ. ಈ ಗಾಡಿ ಉರುಳುವುದಿಲ್ಲ.

11.36

ಯಾರೂ ಬರುವುದಿಲ್ಲ ಎಂದು ತಿಳಿದು ನಡೆದುಕೊಳ್ಳಬೇಕು. ಬುತ್ತಿಯಲ್ಲಿ ಉಳಿದದ್ದು ಆರು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಮೊಸರನ್ನ. ದಿನಕ್ಕೆ ಅರ್ಧ ರೊಟ್ಟಿಯಂತೆ ಹನ್ನೆರಡು ದಿನ.

11.37

ಎರಡು ರೊಟ್ಟಿ ಆಯಿತು. ಆರು ವಾರದ ಹಸಿವು, ಅದಕ್ಕೆ ಲೆಕ್ಕ ಗೊತ್ತಾಗುವುದಿಲ್ಲ.

11.38

ಹುಲುಗೇಶ ಬಂಡೆಯ ಆಚೆಯಿಂದ ಓಡಿ ಬಂದ. ಆಕಾಶ ನೋಡಿದ, ನನ್ನನ್ನು ನೋಡಿದ. 'ಹೆಲಿಕಾಪ್ಟರ್ ಎಲ್ರೀ?' ಎಂದ.

'ಹೋತು.'

'ನಾ ಕೈ ತೋರ್ಸೇ ಇಲ್ಲ, ಹೆಂಗ ಹೋತ್ರೀ? ರೈಟ್ ಯಾರು ಕೊಟ್ರು?'

ಹೇಳಬೇಕಾಯಿತು. 'ನಾನ' ಎಂದೆ.

ಅವನು ಮೀಸೆ ತಿರುವಿದ. 'ಅಲ್ರೀ ಯಜಮಾನ್ರ, ನೀವ ರೈಟ್ ಕೊಟ್ಟು ನೀವ ಕೆಳಗ ಉಳದ್ರೆ? ಎಲ್ಲಾರ ಕೇಳೀರೇನು ಇಂಥದ್ದು?'

ನಾನು ಅವನಿಗೆ ಒಂದು ರೊಟ್ಟಿ ಕೊಟ್ಟೆ.

11.39

ಅವತ್ತು ಹಗರಿಬೊಮ್ಮನಹಳ್ಳಿಯಲ್ಲಿ ಸೀಟಿ ನನ್ನ ಬಾಯಲ್ಲೇ ಇತ್ತು. ಜನ ಎಲ್ಲ ಹತ್ತಿದ್ದರು. ಊದಿದೆನೋ ಇಲ್ಲವೋ ಎಂದು ಇಷ್ಟು ವರ್ಷ ಯೋಚನೆ ಮಾಡಿಲ್ಲ. ಯೋಚಿಸಲು ಏನಿದೆ, ಊದಿಲ್ಲ ಎಂದೇ ಹೇಳಿಕೊಂಡು ಬಂದೆ. ಊದಿರಬಹುದು. ಊದಿ, ಹೆಂಗಿದ್ದರೂ ಓಡಿ ಹತ್ತುತ್ತೇನೆ ಎಂದು ಮಿರ್ಚಿ ತರಲು ಹೋಗಿರಬಹುದು. ಊದಿದ್ದೆ.

11.40

ಸದ್ದು. ವಾಪಸು ಬರುತ್ತಿದೆ. ಬುತ್ತಿ ಕಟ್ಟಬೇಕು.

ಅದೇ ದಿನ, ಸಂಜೆ

ನಾನು ಗಡ್ಡಿಯ ಮೇಲೆ ಉಳಿದದ್ದು ಸುಮಾರು ಒಂದು ಗಂಟೆ ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದೆ. ಕೊಟ್ರಬಸಮ್ಮ ಈ ಡೈರಿ ತೆಗೆದು ಎಲ್ಲರ ಮುಂದೆ ಓದಿ ಏಳು ನಿಮಿಷ ಎಂದು ಸಾಬೀತು ಮಾಡಿದಳು. ಮಿರ್ಚಿಯ ವಿಷಯವೂ ಬಯಲಾಯಿತು.

ಗಾಡಿ ಇಳಿದಾಗ ಮೊದಲು ಬಾಗಿಲು ತೆಗೆದವನು ಬೊಮ್ಮಪ್ಪ. ತಲೆ ಬಗ್ಗಿಸಿಕೊಂಡು ಮರಳಿನಲ್ಲಿ ಓಡಿ ಬಂದ. ಆ ದೇಹದಿಂದ ಅಂಥ ಓಟ ನಾನು ನೋಡಿಲ್ಲ. ನಾಲ್ಕೂವರೆ ವರ್ಷದ ಮೇಲೆ ನನ್ನ ಜೊತೆ ಮಾತಾಡಿದ. ಮೊದಲ ಮಾತು:

'ಲೇ, ನಿನ್ನ ಕಾಲಿನ ಸಪ್ಪಳ ಕೇಳಲಿಲ್ಲಲೇ.'

ಏನೆಂದು ಅರ್ಥವಾಗಲಿಲ್ಲ. ಅವನು ಉಸಿರು ತೆಗೆದುಕೊಂಡು ಹೇಳಿದ: 'ಬಸ್ಸಿನ್ಯಾಗ ನೀ ಡಬ್ಬಲ್ ಸೀಟಿ ಊದಿದ ಮ್ಯಾಲ ಫುಟ್‌ಬೋರ್ಡಿನ ಮ್ಯಾಲ ನಿನ್ನ ಕಾಲು ಬೀಳೂ ಸಪ್ಪಳ ಬರ್ತಿತ್ತು. ಹತ್ತೊಂಬತ್ತು ವರ್ಷ ಅದನ್ನ ಕೇಳಿದ ಮ್ಯಾಲ ನಾ ಆಕ್ಸಿಲೇಟರ್ ಒತ್ತಿದಾವ. ಇವತ್ತು ಎರಡು ಬಡತ ಬಂತು, ಸಪ್ಪಳ ಬರಲಿಲ್ಲ. ಪೈಲಟ್ಟನ ತೋಳು ಜಗ್ಗಿ ಜಗ್ಗಿ ಹಿಂದ ತಿರುಗಿಸಿದೆ, ಅವ್ನಿಗೆ ತಿಳಿಯೂದ್ರಾಗ ಅರ್ಧ ದಾರಿ ಹೋಗಿತ್ತು. ಅವತ್ತೂ ಕೇಳಿರಲಿಲ್ಲ. ನಿನಗ ಹಾರ ಹಾಕಾಕ ಮಂದಿ ಕಾಯಾಕತ್ತಾರ, ತಡಾ ಆಗ್ತೈತಿ ಅಂತ ಅವಸರ ಮಾಡಿ ಬಿಟ್ಟೆ. ತಪ್ಪು ನಂದ ಐತಿ.'

ನಾನು ನಾಲ್ಕೂವರೆ ವರ್ಷ ಕಾದಿದ್ದ ಮಾತು ಅದು. ಅದನ್ನು ಕೇಳಿ ಖುಷಿಯಾಗಬೇಕಿತ್ತು. ಕಟ್ಟಿದ ಬುತ್ತಿಯನ್ನೇ ಬಿಚ್ಚಿ ಮತ್ತೆ ಕಟ್ಟಿದೆ.

'ಸೀಟಿ ನಾನ ಹೊಡದಿದ್ದೆ' ಎಂದೆ.

'ಗೊತ್ತೈತಿ ಬಿಡು' ಎಂದ.

ಕೊಟ್ರಬಸಮ್ಮ ಕಿಟಕಿಯಿಂದ ಕೈ ಬೀಸುತ್ತಿದ್ದಳು. ಗಾಬರಿಯಾಗಿರಬೇಕು ಎಂದುಕೊಂಡರೆ, ನಾನಿಲ್ಲದ್ದು ಅವಳಿಗೆ ಗೊತ್ತೇ ಇರಲಿಲ್ಲವಂತೆ. 'ನಾವಿಬ್ರೂ ಆ ಕಡಿ ಕಿಟಕ್ಯಾಗ ಕೊಕ್ಕರೆ ನೋಡಾಕತ್ತಿದ್ವಿ. ಕಿವಿಗೆ ಆ ಡಬ್ಬಿ ಬ್ಯಾರೆ. ನೀವು ಎಂದಿನಂಗ ಬಾಯಿ ಮುಚಗೊಂಡು ಕೂತೀರಿ ಅನ್ಕೊಂಡೆ. ಎರಡು ಸರ್ತಿ ಹಾರಿದಂಗಾತು, ಚಲೋನ ಆತು' ಎಂದಳು.

ಹತ್ತುವ ಮೊದಲು ಪೈಲಟ್ ತೂಕ ಕೇಳಿದ. ಬುತ್ತಿ ಚೀಲ ಹಗುರಾಗಿದೆ, ನಾನು ಅಷ್ಟೇ ಭಾರವಾಗಿದ್ದೇನೆ, ಒಟ್ಟು ಸರಿಯಾಗಿದೆ ಎಂದು ಲೆಕ್ಕ ಒಪ್ಪಿಸಿದೆ. ಹುಲುಗೇಶನ ಹೊಟ್ಟೆಗೆ ಹೋದ ಒಂದು ರೊಟ್ಟಿ ಕಡಿಮೆಯೇ ಆಯಿತು.

ಈ ಸಲ ಹುಲುಗೇಶನೇ ಬಾಗಿಲು ಹಾಕಿದ. ನನ್ನ ಕಡೆ ಎರಡು ಸಲ ಬೆರಳು ಮಾಡಿ ನಾನು ಒಳಗಿದ್ದೇನೆಂದು ಖಚಿತ ಮಾಡಿಕೊಂಡು ಕೈ ಎತ್ತಿದ. ಪೈಲಟ್ ಹಿಡಿಕೆ ಎಳೆಯಲು ಹೋದ. ಮುಂದೆ ಕೂತಿದ್ದ ಬೊಮ್ಮಪ್ಪ ಅವನ ಮುಂದೆ ಕೈ ಅಡ್ಡ ಹಿಡಿದು, 'ತಡೀರಿ' ಎಂದ. ಪೈಲಟ್ ತಡೆದ. ಕೊಕ್ಕರೆಗಳೂ ತಡೆದ ಹಾಗಿತ್ತು. ಬೊಮ್ಮಪ್ಪ ಹಿಂದೆ ತಿರುಗಿ ನನ್ನನ್ನು ನೋಡಿದ.

ನಾನು ಕಾಲು ಎತ್ತಿ ನೆಲದ ಮೇಲೆ ಒಮ್ಮೆ ಜೋರಾಗಿ ಬಡಿದೆ. ಆಮೇಲೆ ಅವನ ಹೆಗಲ ಮೇಲೆ ಎರಡು ಸಲ ತಟ್ಟಿದೆ.

ಜನವರಿ 19, ಸೋಮವಾರ

ಕಾಟಾದ ಮೇಲೆ ನಿಂತಿಲ್ಲ, ನಿಲ್ಲುವುದೂ ಇಲ್ಲ.

9.15ರ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಹೋದೆ. ಬೊಮ್ಮಪ್ಪನೂ ಬಂದಿದ್ದ. ಆಧಾರ್ ಕಾರ್ಡಿನ ಕೆಲಸ ಇಬ್ಬರಿಗೂ ಬಾಕಿ ಇದೆ. ವಾಪಸು ಬರುವಾಗ ಪೊಟ್ಟಣ ಕಟ್ಟಿಸುವುದು ತಡವಾಯಿತು. ಬಸ್ಸಿನ ಎಂಜಿನ್ ಶುರುವಾಗಿತ್ತು, ಕಂಡಕ್ಟರ್ ಸೀಟಿ ಬಾಯಿಗಿಟ್ಟಿದ್ದ. ನಾನು ಮಿರ್ಚಿ ಹಿಡಿದುಕೊಂಡು ಓಡಿ ಬಂದರೆ, ಬೊಮ್ಮಪ್ಪ ಬಾಗಿಲಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು ನಿಂತಿದ್ದ. ಕಂಡಕ್ಟರ್ ಬೈಯುತ್ತಿದ್ದ, ಕದಲಲಿಲ್ಲ. ನಾನು ಹತ್ತಿದ ಮೇಲೇ ಆ ಕಾಲು ಎತ್ತಿದ್ದು.

ಇಷ್ಟು ದಪ್ಪ ಮನುಷ್ಯ ಹೀಗೆ ಬಾಗಿಲಿಗೆ ಅಡ್ಡ ನಿಂತರೆ ಉಳಿದ ಪ್ಯಾಸೆಂಜರು ಹತ್ತುವುದು ಹೇಗೆ? ನಾಳೆ ವಾಕಿಂಗಿನಲ್ಲಿ ಹೇಳಬೇಕು.